ಲಿಪಿಯೂ ಪ್ರತಿಯ ಹುಟ್ಟುನೆಲೆಯೂ

ಬರವಣಿಗೆಯೊಂದನ್ನೇ ನೋಡಿ ಹಸ್ತಪ್ರತಿಯು ಹುಟ್ಟಿದ ನಾಡನ್ನು ನಿರ್ಣಯಿಸಬಹುದೆಂಬ ಮಾತನ್ನು ನಾವು ಒಪ್ಪಲಾರೆವು. ಫ್ಲಾರೆನ್ಸಿನ ಲಾರೆಂಷಿಯನ್ ಗ್ರಂಥಾಲಯದಲ್ಲಿರುವ ಲ್ಯಾಟಿನ್ ಬೈಬಲ್ಲಿನ ಮಹಾಪ್ರತಿ, ಕೋಡೆಕ್ಸ್ ಅಮಿಯಾಟಿನಸ್, ಇದಕ್ಕೆ ನಿದರ್ಶನ. ಅದರ ದುಂಡನೆಯ ಅನ್ಷಿಯಲ್ ಲಿಪಿ ಇಟಲಿಯ ರೀತಿಯನ್ನು ಎಷ್ಟು ಚೆನ್ನಾಗಿ ಅನುಸರಿಸಿದೆಯೆಂದರೆ, ವಿದ್ವಾಂಸರು ಬಹುಕಾಲ ಅದನ್ನು ಇಟಲಿಯದೆಂದೇ ಎಣಿಸಿದ್ದರು. ಆ ಭ್ರಾಂತಿಯನ್ನು ಕಳೆದುದು ಲಿಪಿಯಲ್ಲ, ಅರ್ಪಣೆಯ ಪದ್ಯ. ಲೊಂಬಾರ್ಡರ ಪೀಟರನೆಂಬ ಮಠಾಧಿಪತಿಯ ಹೆಸರನ್ನು ಅಲ್ಲಿ ಹೆರೆದು ಬರೆಯಲಾಗಿತ್ತು. ಮೂಲದಲ್ಲಿ ಇದ್ದುದು ಇಂಗ್ಲೆಂಡಿನ ವೇರ್‌ಮತ್-ಜಾರೋ ಮಠದ ಚೆಯೋಲ್‌ಫ್ರಿತನ ಹೆಸರೆಂದು 1880ರ ದಶಕದಲ್ಲಿ ಡಿ ರೊಸ್ಸಿ ಊಹಿಸಿದರು. ಚೆಯೋಲ್‌ಫ್ರಿತನ ಪ್ರಾಚೀನ ಚರಿತ್ರೆಯಲ್ಲಿ ಅದೇ ಪದ್ಯ ದೊರೆತು ಊಹೆ ಸ್ಥಿರವಾಯಿತು. 716ರಲ್ಲಿ ರೋಮಿಗೆ ಕಾಣಿಕೆಯಾಗಿ ಹೊರಟ ಪ್ರತಿಯಿದು. ಒಯ್ಯುತ್ತಿದ್ದ ಆ ವೃದ್ಧನು ದಾರಿಯಲ್ಲೇ ತೀರಿಕೊಂಡನು.

ಇಂಗ್ಲಿಷ್ ಅನ್ಷಿಯಲ್ಲಿನ ಲಕ್ಷಣಗಳನ್ನು ಇ. ಎ. ಲೋ ಅವರು ಗ್ರಂಥರೂಪದಲ್ಲಿ ವಿಂಗಡಿಸಿ ತೋರಿಸಿದುದು 1960ರಲ್ಲಿ, ಎಂದರೆ ಊರು ಗೊತ್ತಾದ ಎಷ್ಟೋ ವರ್ಷಗಳ ಮೇಲೆ. ಲಿಪಿಶಾಸ್ತ್ರದ ಅಭಿಮಾನಿಗಳಿಗೆ ಈ ಅನುಕ್ರಮ ರುಚಿಸಲಾರದು. ಬರಹದಿಂದ ತಿಳಿಯುವುದು ಲಿಪಿಕಾರನು ಪಡೆದ ಶಿಕ್ಷಣ. ಅವನು ಕುಳಿತು ಬರೆದ ಸ್ಥಳವಲ್ಲ. ಜರ್ಮನಿಯ ಫುಲ್ಡಾ ಮಠದಲ್ಲಿ ಇಂಗ್ಲಿಷ್ ಪಾದ್ರಿಗಳು ತಂದ ಲಿಪಿ 9ನೆಯ ಶತಮಾನದಲ್ಲಿಯೂ ಬಳಕೆಯಲ್ಲಿದ್ದಿತು. ಅಲ್ಲಿಯ ಪ್ರತಿಗಳನ್ನು ಅಕ್ಷರದ ಆಕಾರದಿಂದಲೇ ಇಂಗ್ಲೆಂಡಿಗೆ ಸೇರಿಸುವವರು, ಚರ್ಮಪತ್ರದ ಹದವನ್ನೂ ಗೆರೆಗಾಗಿ ಚುಚ್ಚಿದ ರಂಧ್ರಗಳನ್ನೂ ಮೊದಲು ಪರೀಕ್ಷಿಸಬೇಕು.