‘ಶ್ರೀವಿದ್ಯಾ’ ಮುದ್ರೆಯ ಕೃತಿಗಳೂ ಅರಸರ ಕರ್ತೃತ್ವದ ಪ್ರಶ್ನೆಯೂ

ಅರಸರ ಹೆಸರಿನಲ್ಲಿ ನಡೆದುಬಂದಿರುವ ಗ್ರಂಥಗಳನ್ನು ಅರಸರೇ ರಚಿಸಿದರೋ, ಅವರ ಆಶ್ರಯದಲ್ಲಿದ್ದ ಪಂಡಿತರು ರಚಿಸಿಕೊಟ್ಟರೋ ಎಂಬ ಸಂದೇಹವು ನಮ್ಮಲ್ಲಿ ಬಹುಕಾಲದ್ದು. ಹಂಪೆ, ಸಂಡೂರುಗಳ ಸೀಮೆಯವರಾದ ನಮಗೆ ವಿದ್ಯಾರಣ್ಯರ ‘ಸಂಗೀತಸಾರ’ದ ಹೆಸರು ಪ್ರಿಯವಾದದ್ದು. ಆ ಗ್ರಂಥವು ಉಪಲಬ್ಧವಿಲ್ಲ. ಅದರ ಮತಗಳು ತಿಳಿದುಬರುವುದು ತಂಜಾವೂರಿನ ‘ಸಂಗೀತಸುಧೆ’ಯಿಂದ. ಆ ಸುಧೆಯಾದರೋ ರಘುನಾಥನಾಯಕನ ಹೆಸರಿನಲ್ಲಿದೆ. ವೆಂಕಟಮಖಿಯು ಅದನ್ನು ತನ್ನ ತಂದೆಯಾದ ಗೋವಿಂದದೀಕ್ಷಿತನ ಕೃತಿಯೆಂದು ಹೇಳಿರುತ್ತಾನೆ. ಮೈಸೂರಿನ ಚಿಕ್ಕದೇವರಾಜರ ಬಿನ್ನಪಗಳ ವಿಷಯದಲ್ಲಿ ತಿರುಮಲಾರ್ಯನ ಹೆಸರು ಕೇಳಿಬರುವುದು ವಾಚಕರಿಗೆ ವಿದಿತವೇ ಆಗಿದೆ. ಇಂತಹ ಪೂರ್ವಚರಿತ್ರೆ ಇರುವಾಗ ಜಯಚಾಮರಾಜ ಒಡೆಯರ (೧೯೧೯–೧೯೭೪) ಕೃತಿಗಳ ವಿಷಯದಲ್ಲಿಯೂ ಕೆಲವರು ಹುಬ್ಬೇರಿಸುವುದು ಆಶ್ಚರ್ಯವಲ್ಲ. ಆದರೆ ಹುಬ್ಬೇರಿಸುವುದು ವಿಮರ್ಶೆಯಲ್ಲ.

ಪಶ್ಚಿಮದೇಶದ ಒಂದು ಪ್ರಕರಣವು ಇದಕ್ಕೆ ತೀರ ವಿಪರೀತವಾಗಿರುವುದರಿಂದಲೇ ಇಲ್ಲಿ ಉಪಯುಕ್ತವಾಗಿದೆ. ಹಾಲೆಂಡಿನ ಶ್ರೀಮಂತ ಮನೆತನದವನಾದ ಊನಿಕೊ ವಿಲ್ಹೆಮ್ ವಾನ್ ವಾಸೆನಾರ್ (೧೬೯೨–೧೭೬೬) ಎಂಬಾತನು ಬರೋಕ್ ಶೈಲಿಯ ಆರು ಕಾನ್ಚೆರ್ಟೊಗಳನ್ನು ರಚಿಸಿದನು. ನಾಲ್ಕು ಪಿಟೀಲುಗಳಿಗೆ ಬೇರೆ ಬೇರೆ ಪಾಲನ್ನು ಕೊಟ್ಟು ಒಟ್ಟು ಏಳು ಪಾಲುಗಳಲ್ಲಿ ಹೆಣೆದ ವಾದ್ಯಪ್ರಬಂಧಗಳಿವು. ೧೭೪೦ರಲ್ಲಿ ಇವು ಹೇಗ್ ನಗರದಲ್ಲಿ ಪ್ರಕಟವಾದಾಗ ಆತನು ತನ್ನ ಹೆಸರನ್ನು ಹಾಕಗೊಡಲಿಲ್ಲ. ಪ್ರಕಟಿಸಿದವನು ರಿಚ್ಚೊಟ್ಟಿ ಎಂಬ ಪಿಟೀಲುವಾದಕ. ಪರಿಣಾಮವಾಗಿ ಅವು ಮೊದಲು ರಿಚ್ಚೊಟ್ಟಿಯವೆಂದೂ, ಬಳಿಕ ಇಟಲಿಯ ಪೆರ್ಗೊಲೇಸಿಯವೆಂದೂ ನಡೆದುವು. ಪೆರ್ಗೊಲೇಸಿಯದೆಂಬ ನಂಬಿಕೆಯಿಂದಲೇ ಸ್ಟ್ರಾವಿನ್ಸ್ಕಿಯು ೧೯೨೦ರ ತನ್ನ ‘ಪುಲ್ಚಿನೆಲ್ಲ’ದಲ್ಲಿ ಒಂದರ ಭಾಗವನ್ನು ಬಳಸಿದನು. ಟ್ವಿಕೆಲ್ ಕೋಟೆಯಲ್ಲಿ ಹಸ್ತಪ್ರತಿ ದೊರೆತು ಆಲ್ಬರ್ಟ್ ಡನ್ನಿಂಗ್ ಎಂಬ ಸಂಶೋಧಕನು ನಿಜಕರ್ತೃವನ್ನು ಪ್ರಕಟಪಡಿಸಿದ್ದು ೧೯೮೦ರಲ್ಲಿ. ಆ ಪ್ರತಿಯಲ್ಲಿ ವಾಸೆನಾರನು ತನ್ನ ರಚನೆಗಳಲ್ಲಿ ಕೆಲವು ಸಹ್ಯ, ಕೆಲವು ಸಾಧಾರಣ, ಕೆಲವು ಹೀನವೆಂಬ ಅಭಿಪ್ರಾಯವನ್ನು ತಾನೇ ಬರೆದಿಟ್ಟಿದ್ದನು. ನಮ್ಮ ಪ್ರಶಸ್ತಿಕಾರರು ಇದನ್ನು ಓದಬೇಕಾಗಿತ್ತು!

ಅಲ್ಲಿ ಶ್ರೀಮಂತನದನ್ನು ವೃತ್ತಿಸಂಗೀತಗಾರನದೆಂದರು. ಇಲ್ಲಿ ಅರಸನದೆಂದರೆ ವೃತ್ತಿವಿದ್ವಾಂಸನದಿರಬೇಕೆನ್ನುತ್ತಾರೆ. ಎರಡರ ಬೇರೂ ಒಂದೇ: ದೊಡ್ಡ ಮನೆಯಲ್ಲಿ ಹುಟ್ಟಿದವನಿಗೆ ಇಂತಹ ಶ್ರಮವು ಸಾಧ್ಯವಿಲ್ಲವೆಂಬ ಪೂರ್ವಗ್ರಹ.

ಜಯಚಾಮರಾಜರು ಮೊದಲು ಕಲಿತದ್ದು ಪಾಶ್ಚಾತ್ಯ ಸಂಗೀತ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿ ಅವರಿಗಿತ್ತು. ರಷ್ಯಾದೇಶದ ಮೆಟ್ನರನ ಸಂಗೀತವನ್ನು ಧ್ವನಿಮುದ್ರಿಸಲು ಅವರು ಧನಸಹಾಯ ಮಾಡಿದರು. ಆತನ ಮೂರನೆಯ ಪಿಯಾನೊ ಕಾನ್ಚೆರ್ಟೊ ಅವರಿಗೇ ಅರ್ಪಿತವಾಗಿದೆ. ಕರ್ನಾಟಕ ಸಂಗೀತದ ಶಾಸ್ತ್ರಕ್ಕೆ ಅವರು ತಿರುಗಿದ್ದು ಪಟ್ಟಕ್ಕೆ ಬಂದ ಮೇಲೆ, ಮೈಸೂರು ವಾಸುದೇವಾಚಾರ್ಯರ ಒಡನಾಟದಲ್ಲಿ. ಅನಂತರ ಶ್ರೀವಿದ್ಯೋಪಾಸಕರಾಗಿ ‘ಶ್ರೀವಿದ್ಯಾ’ ಎಂಬ ಮುದ್ರೆಯಿಟ್ಟು ೯೪ ಸಂಸ್ಕೃತ ಕೃತಿಗಳನ್ನು ರಚಿಸಿದರು. ಮುದ್ರೆಯಲ್ಲಿ ರಾಜನಾಮವಿಲ್ಲ, ಬಿರುದಿಲ್ಲ. ಬರೆಯಿಸಿಕೊಂಡ ಅರಸನು ಮೊದಲು ಬಯಸುವುದು ತನ್ನ ಹೆಸರನ್ನೇ ಅಲ್ಲವೇ?

ಇದು ಊಹೆಯ ಮಾತಾಯಿತೆನ್ನಬಹುದು. ಅಂತರಂಗಪ್ರಮಾಣವನ್ನು ನೋಡೋಣ. ಸಂದೇಹಪಡುವವರು ಕೈತೋರಿಸತಕ್ಕದ್ದು ವಾಸುದೇವಾಚಾರ್ಯರ ಕಡೆಗೇ ಆಗಬೇಕು. ಆಚಾರ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ ಶಿಷ್ಯರು, ಆ ಮೂಲಕ ತ್ಯಾಗರಾಜಪರಂಪರೆಯವರು. ಅವರ ಕೃತಿಗಳಲ್ಲಿ ತೆಲುಗೂ ಸಂಸ್ಕೃತವೂ ಉಂಟು. ಮಾತು ಹಗುರ, ಒಂದೇ ಸಾಲು ಸಂಗತಿಯಿಂದ ಸಂಗತಿಗೆ ಅರಳುತ್ತದೆ. ಮಹಾರಾಜರ ಕೃತಿಗಳು ಈ ದಾರಿಯವಲ್ಲ. ದೀರ್ಘಸಮಾಸಗಳು, ಸಾಹಿತ್ಯದೊಳಗೇ ಹೆಣೆದ ರಾಗನಾಮ, ಮಂತ್ರಶಾಸ್ತ್ರದ ಪರಿಭಾಷೆ: ಇವೆಲ್ಲ ಮುತ್ತುಸ್ವಾಮಿ ದೀಕ್ಷಿತರ ಮಾರ್ಗವನ್ನು ಅನುಸರಿಸಿದವು. ಬಳಿಯಲ್ಲಿದ್ದ ಗುರುವಿನ ಶೈಲಿಯನ್ನು ಬಿಟ್ಟು ದೂರದ ದೀಕ್ಷಿತರನ್ನು ಹಿಡಿದದ್ದು ಉಪಾಸಕನ ಆಯ್ಕೆಯೇ ಹೊರತು ಸಂಭಾವನೆಗೆ ಬರೆದುಕೊಟ್ಟವನ ಆಯ್ಕೆಯಾಗಿ ತೋರುವುದಿಲ್ಲ.

ದೋಷಗಳೂ ಇದೇ ಸಾಕ್ಷ್ಯವನ್ನು ನುಡಿಯುತ್ತವೆ. ಅನೇಕ ಕೃತಿಗಳಲ್ಲಿ ವಿಶೇಷಣಗಳು ಸಾಲುಗಟ್ಟಿ ನಿಲ್ಲುತ್ತವೆ. ಕ್ರಿಯಾಪದವು ಬರುವಷ್ಟರಲ್ಲಿ ಭಾವವು ದಣಿದಿರುತ್ತದೆ. ದೀಕ್ಷಿತರಲ್ಲಿ ಕ್ಷೇತ್ರದ ವಿವರವೊಂದು ದೇವತೆಯನ್ನು ನಮ್ಮೆದುರು ತಂದು ನಿಲ್ಲಿಸುತ್ತದೆ. ಇಲ್ಲಿ ಹಲವೆಡೆ ಶಾಸ್ತ್ರವಿದೆ, ಸ್ಥಳವಿಲ್ಲ. ನುರಿತ ಆಸ್ಥಾನಕವಿಯು ಈ ಭಾರವನ್ನು ಇಳಿಸುತ್ತಿದ್ದನು. ಅಪ್ರಸಿದ್ಧ ರಾಗಗಳ ಮೇಲಿನ ಒಲವು ಮಾತ್ರ ಗುಣವಾಗಿಯೇ ಪರಿಣಮಿಸಿದೆ: ದುರ್ವಾಂಕಿಯ ‘ಗಂ ಗಣಪತೇ’ ಕೃತಿಯಲ್ಲಿ ರಾಗವು ಮೊದಲ ಹಿಡಿತದಲ್ಲೇ ಮುಖ ತೋರಿಸುತ್ತದೆ. ಪಾಶ್ಚಾತ್ಯ ಸ್ವರಮೇಳದ ಗಾಳಿಯನ್ನು ಇವುಗಳಲ್ಲಿ ಹುಡುಕುವವರುಂಟು; ನನಗೆ ಅದು ಕಂಡಿಲ್ಲ. ಪಿಯಾನೊ ಬಲ್ಲವರು ಅದನ್ನು ಹೊರಗೇ ಬಿಟ್ಟು ಬಂದದ್ದು ಅವರ ಸಂಯಮದ ಗುರುತು.

ನಮ್ಮ ಕಛೇರಿಗಳಲ್ಲಿ ಅಠಾಣದ ‘ಶ್ರೀ ಮಹಾಗಣಪತಿಂ’, ಗಂಭೀರನಾಟದ ‘ಶ್ರೀ ಜಾಲಂಧರ’ ಇವು ಕೇಳಿಬರುತ್ತವೆ. ಉಳಿದವುಗಳಲ್ಲಿ ಬಹುಪಾಲು ಪುಸ್ತಕದಲ್ಲಿಯೇ ಇವೆ. ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುವ ಉಪಾಧ್ಯಾಯರು ಇವುಗಳ ಸಾಹಿತ್ಯವನ್ನು ದೀಕ್ಷಿತರ ಸಾಹಿತ್ಯದೊಡನೆ ಸಾಲು ಸಾಲಾಗಿ ಹೋಲಿಸಿ, ಎಲ್ಲಿ ಅನುಕರಣ, ಎಲ್ಲಿ ಸ್ವಂತ ಎಂಬುದನ್ನು ಬೇರ್ಪಡಿಸುವ ಕೆಲಸವನ್ನು ಕೈಗೊಂಡರೆ, ದುರ್ವಾಂಕಿಯ ಕೃತಿಯಿಂದಲೇ ಆರಂಭಿಸಬಹುದು.