ನೀಲಿ ಪಂಪಿನ ಲೆಕ್ಕ

ಸಂಜೆ ಏಳರ ಹೊತ್ತು. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಐವತ್ತರ ಆಸುಪಾಸಿನವರೊಬ್ಬರು ಖಾಲಿಯಾದ ನೀಲಿ ಪಂಪನ್ನು ಗಾಜಿನ ಮೇಲಿಟ್ಟು, "ಇದೇ ಒಂದು ಕೊಡಪ್ಪ" ಎಂದರು. ಅಷ್ಟು ಹೇಳುವುದರೊಳಗೆ ಒಮ್ಮೆ ನಿಂತು ಉಸಿರೆಳೆದುಕೊಂಡರು. ಹುಡುಗ ನೋಡದೆಯೇ ಕಪಾಟಿಗೆ ಕೈಹಾಕಿ ಡಬ್ಬಿ ತೆಗೆದ, ದುಡ್ಡು ಬಂದ ಸದ್ದು ಕೇಳಿಸಿಕೊಂಡ, "ನಿಮಗೇನು ಸಾರ್?" ಎಂದು ಮುಂದಿನವರತ್ತ ತಿರುಗಿದ. ವೈದ್ಯರ ಚೀಟಿ ಕೇಳಲಿಲ್ಲ. ಹೋದ ಸಲ ಯಾವಾಗ ತಗೊಂಡಿರಿ ಎಂದೂ ಕೇಳಲಿಲ್ಲ. ವ್ಯಾಪಾರವೆಂದು ನೋಡಿದರೆ ಚುರುಕಾದ ಕೆಲಸ. ಆರೈಕೆಯೆಂದು ನೋಡಿದರೆ ಅಲ್ಲಿ ಏನೂ ನಡೆಯಲಿಲ್ಲ.

ನೀಲಿ ಪಂಪಿನೊಳಗಿರುವುದು ಸಾಲ್ಬುಟಮಾಲ್. ಬಿಗಿದುಕೊಂಡ ಶ್ವಾಸನಾಳಗಳ ಸ್ನಾಯುವನ್ನು ಅದು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಉಬ್ಬಸದ ಬೇರು ಇರುವುದು ನಾಳದ ಒಳಪದರದ ಊತದಲ್ಲಿ. ಅದನ್ನು ತಗ್ಗಿಸುವುದು ದಿನವೂ ಎಳೆದುಕೊಳ್ಳುವ ಸ್ಟೀರಾಯ್ಡ್ ಪಂಪು. ಅದು ಕೂಡಲೇ ಹಾಯೆನಿಸುವುದಿಲ್ಲ, ಬೆಲೆಯೂ ಹೆಚ್ಚು. "ಸ್ಟೀರಾಯ್ಡ್ ಅಭ್ಯಾಸ ಆಗಿಬಿಡುತ್ತೆ" ಎಂಬ ಹೆದರಿಕೆ ಬೇರೆ. ಹೀಗಾಗಿ ಜನ ನೀಲಿಯನ್ನೇ ನೆಚ್ಚಿಕೊಳ್ಳುತ್ತಾರೆ. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ಕೊಡುವ ಗಿನಾ ಸಂಸ್ಥೆ 2019ರಲ್ಲಿ, ವಯಸ್ಕರಿಗೆ ನೀಲಿ ಪಂಪೊಂದನ್ನೇ ಕೊಡುವ ಪದ್ಧತಿ ಬೇಡವೆಂದು ಹೇಳಿತು. 200 ಸಲ ಒತ್ತಬಹುದಾದ ನೀಲಿ ಪಂಪು ವರ್ಷಕ್ಕೆ ಮೂರು ಅಥವಾ ಹೆಚ್ಚು ಖರ್ಚಾದರೆ ಉಬ್ಬಸ ಉಲ್ಬಣಿಸುವ ಅಪಾಯ ಏರುತ್ತದೆ. ಹನ್ನೆರಡು ದಾಟಿದರೆ ಸಾವಿನ ಅಪಾಯವೂ ಏರುತ್ತದೆ. ಬ್ರಿಟನ್ನಿನಲ್ಲಿ ಅಸ್ತಮಾ ಸಾವುಗಳನ್ನು ಪರಿಶೀಲಿಸಿದ 2014ರ ವರದಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಲೆಕ್ಕ ಸಿಕ್ಕ 165 ಮಂದಿಯಲ್ಲಿ 65 ಜನರಿಗೆ, ಸಾಯುವ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ನೀಲಿ ಪಂಪು ಬರೆದುಕೊಟ್ಟಿದ್ದರು.

ಅಲ್ಲಿ ಲೆಕ್ಕವಾದರೂ ಸಿಕ್ಕಿತು. ನಮ್ಮಲ್ಲಿ ಆ ಲೆಕ್ಕ ಯಾರ ಬಳಿ ಇದೆ? ವೈದ್ಯರ ಬಳಿ ಇಲ್ಲ. ಒಮ್ಮೆ ಬರೆಸಿಕೊಂಡ ಚೀಟಿ ವರ್ಷಗಟ್ಟಲೆ ಓಡುತ್ತದೆ. ರೋಗಿಯೂ ಎಣಿಸಿಕೊಂಡಿರುವುದಿಲ್ಲ. ಉಳಿದಿರುವುದು ಮೆಡಿಕಲ್ ಶಾಪಿನ ಬಿಲ್ಲಿನ ಕಂಪ್ಯೂಟರ್. ಅದು ಸ್ಟಾಕು ಎಣಿಸುತ್ತದೆ, ಉಸಿರನ್ನು ಎಣಿಸುವುದಿಲ್ಲ.

ಕಾನೂನಿನ ಕೊರತೆಯೆಂದು ಹೇಳುವಂತಿಲ್ಲ. ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಹೇಳಿದೆ. ಓದಿನ ಕೊರತೆಯೂ ಅಲ್ಲ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ಫಾರ್ಮಸಿ ಪ್ರಾಕ್ಟೀಸ್ ವಿಷಯದಲ್ಲಿ ಸ್ನಾತಕೋತ್ತರ ತರಗತಿ ಶುರುಮಾಡಿತು. 2008ರಿಂದ ದೇಶದಲ್ಲಿ ಆರು ವರ್ಷದ ಫಾರ್ಮ್ ಡಿ ಕೋರ್ಸೂ ಇದೆ. ಆದರೆ ಹಾಗೆ ಓದಿದವರು ಬೀದಿಯ ಅಂಗಡಿಗೆ ಬರುವುದು ಅಪರೂಪ. ಎಷ್ಟೋ ಕಡೆ ಗೋಡೆಯ ಫ್ರೇಮಿನಲ್ಲಿರುವ ಹೆಸರೊಂದು, ಕೌಂಟರಿನ ಹಿಂದೆ ನಿಂತವರು ಇನ್ನೊಬ್ಬರು. ಸಲಹೆಗೆಂದು ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇಲ್ಲ. ಡಬ್ಬಿಯ ಲಾಭದಿಂದಲೇ ಬದುಕುವವರಿಗೆ "ಇದನ್ನು ಕಮ್ಮಿ ಬಳಸಿ" ಎನ್ನುವ ಉಮೇದು ಎಲ್ಲಿಂದ ಬರಬೇಕು?

ಹೇಳಿಕೊಡಬೇಕಾದದ್ದು ಮಾತ್ರ ಬೇಕಾದಷ್ಟಿದೆ. ಒತ್ತುವ ಪಂಪನ್ನು ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದಿಟ್ಟುಕೊಳ್ಳಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ರೋಟಾಹೇಲರಿನ ರೀತಿ ಬೇರೆ: ಜೋರಾಗಿ, ಒಂದೇ ದಮ್ಮಿಗೆ ಎಳೆಯಬೇಕು. ಒಂದರ ಕ್ರಮವನ್ನು ಇನ್ನೊಂದಕ್ಕೆ ಹಾಕಿದರೆ ಔಷಧ ಗಂಟಲಿಗೋ ನಾಲಿಗೆಗೋ ಅಂಟಿಕೊಂಡು ನಿಲ್ಲುತ್ತದೆ. ಆ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿದವರೂ ಇದ್ದಾರೆ. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಟ್ಟಬಹುದು. ಇಷ್ಟನ್ನು ತೋರಿಸಲು ಎರಡು ಮೂರು ನಿಮಿಷ ಸಾಕು.

ಇದರಿಂದ ನಿಜಕ್ಕೂ ಪ್ರಯೋಜನವುಂಟೇ? ಆಸ್ಟ್ರೇಲಿಯಾದ ಔಷಧ ಅಂಗಡಿಗಳಲ್ಲಿ ಆರು ತಿಂಗಳು ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫಾರ್ಮಸಿಸ್ಟರು ರೋಗಿಗಳನ್ನು ಮತ್ತೆ ಮತ್ತೆ ಕರೆಸಿ, ಪಂಪು ಹಿಡಿಯುವುದನ್ನು ತಿದ್ದಿ, ಔಷಧದ ಲೆಕ್ಕ ನೋಡಿದರು. ತೀವ್ರ ಸ್ಥಿತಿಯಿಂದ ಹೊರಬಂದವರು, ಎಂದಿನ ಆರೈಕೆಯಷ್ಟೇ ಸಿಕ್ಕ ಗುಂಪಿಗಿಂತ ಈ ಗುಂಪಿನಲ್ಲಿ ಗಣನೀಯವಾಗಿ ಹೆಚ್ಚಿದ್ದರು. ಆದರೆ ಊದಿಸಿ ಅಳೆಯುವ ಶ್ವಾಸಕೋಶದ ಸಾಮರ್ಥ್ಯ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಫಾರ್ಮಸಿಸ್ಟರು ವೈದ್ಯರಿಗೆ ಬದಲಿಯಲ್ಲ ಎಂಬುದಕ್ಕೆ ಅಷ್ಟು ಸಾಕು. ರಾತ್ರಿ ಕೆಮ್ಮಿ ಏಳುವವರನ್ನು ಗುರುತಿಸಿ ವೈದ್ಯರ ಬಳಿಗೆ ಕಳಿಸುವುದು ಅವರ ಕೆಲಸದ ಗಡಿ, ಅವರ ಹೆಚ್ಚುಗಾರಿಕೆಯೂ ಅದೇ.

ಅದೇ ಆಸ್ಟ್ರೇಲಿಯಾದಲ್ಲಿ ನೀಲಿ ಪಂಪು ಚೀಟಿಯಿಲ್ಲದೆಯೂ ಸಿಗುತ್ತದೆ, ಆದರೆ ಫಾರ್ಮಸಿಸ್ಟರ ಮೂಲಕವೇ ಸಿಗಬೇಕು. ನಮ್ಮಲ್ಲಿ ಕಾಗದದ ಮೇಲೆ ಚೀಟಿ ಕಡ್ಡಾಯ, ಕೌಂಟರಿನಲ್ಲಿ ಅದೂ ಇಲ್ಲ, ಮಾತೂ ಇಲ್ಲ. ಚೀಟಿಯ ನೆಪದಲ್ಲಿ ಉಬ್ಬಸ ಬಂದವರನ್ನು ಬರಿಗೈಲಿ ಕಳಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ಪ್ರಾಣಕ್ಕೇ ಕುತ್ತಾದೀತು. ಪಂಪು ಕೊಡಿ, ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ.

ಫಾರ್ಮಸಿಸ್ಟರ ಸೇವೆಗೆ ಸಂಭಾವನೆ ಗೊತ್ತುಮಾಡುವುದು ಸರ್ಕಾರದ ಕೆಲಸ; ಅದಾಗಲು ಕಾಲ ಬೇಕು. ಅಲ್ಲಿಯವರೆಗೆ ಓದುಗರೇ ಒಂದು ಕೆಲಸ ಮಾಡಬಹುದು. ನಿಮ್ಮ ಮನೆಯಲ್ಲಿ ಉಬ್ಬಸದವರಿದ್ದರೆ, ಮುಂದಿನ ಸಲ ನೀಲಿ ಪಂಪು ಕೊಳ್ಳುವಾಗ ಡಬ್ಬಿಯ ಮೇಲೆ ಅಂದಿನ ತಾರೀಖು ಬರೆಸಿಕೊಳ್ಳಿ. ಹಳೆಯ ಡಬ್ಬಿ ಎಸೆಯಬೇಡಿ. ವರ್ಷ ಮುಗಿಯುವ ಮುನ್ನ ಮೂರು ಡಬ್ಬಿ ಸೇರಿದರೆ, ಅವನ್ನೇ ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿಗೆ ಹೋಗಿ.