ಒಂದು ಸೈಜು ದೊಡ್ಡದೆಂಬ ಮದ್ದು

ಹಿಮಾಲಯಕ್ಕೆ ಹೊರಟವರಿಗೆ ಪುಕ್ಕಟೆಯಾಗಿ ಸಿಗುವ ಸಲಹೆಯೊಂದಿದೆ: ಬೂಟು ಒಂದು ಸೈಜು ದೊಡ್ಡದೇ ತಗೊಳ್ಳಿ. ಅಂಗಡಿಯವನೂ ಅದನ್ನೇ ಹೇಳುತ್ತಾನೆ, ಹೋದ ವರ್ಷ ಹೋಗಿಬಂದ ಗೆಳೆಯನೂ ಅದನ್ನೇ. ಸಲಹೆಗೆ ಆಧಾರವಿಲ್ಲವೆಂದಲ್ಲ. ದಿನವಿಡೀ ನಡೆದ ಪಾದ ಊದಿಕೊಳ್ಳುತ್ತದೆ, ಉಣ್ಣೆಯ ಕಾಲುಚೀಲಕ್ಕೂ ಜಾಗ ಬೇಕು. ಬೆರಳು ಅಲ್ಲಾಡದಷ್ಟು ಬಿಗಿಯಾದರೆ ರಕ್ತ ಹರಿಯದೆ ಚಳಿಗೆ ಮರಗಟ್ಟುತ್ತವೆ. 1950ರಲ್ಲಿ ಅನ್ನಪೂರ್ಣಾ ಏರಿದ ಮೋರಿಸ್ ಹೆರ್ಜೋಗ್, ಲೂಯಿ ಲಾಶನಾಲ್ ಇಬ್ಬರೂ ಚರ್ಮದ ಬೂಟು ತೊಟ್ಟೇ ಹೋಗಿದ್ದರು. ಕಾಲ್ಬೆರಳುಗಳಷ್ಟನ್ನೂ ಕಳೆದುಕೊಂಡು ಬಂದರು. ಅಂಥ ಕಥೆ ಕೇಳಿದವರಿಗೆ ಬೂಟು ಸಡಿಲವಿದ್ದಷ್ಟೂ ಕ್ಷೇಮ ಅನಿಸುವುದು ಸಹಜ.

ಆದರೆ ಈ ಮದ್ದು ಉದ್ದಕ್ಕೆ ಮಾತ್ರ ಸಂಬಂಧಿಸಿದ್ದು. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜು ಏರಿದರೆ ಬೂಟು ಸುಮಾರು 8.5 ಮಿ.ಮೀ. ಉದ್ದವಾಗುತ್ತದೆ. ನಮ್ಮ ಕಾಲಿನ ತಕರಾರು ಬಹುಪಾಲು ಅಗಲದ್ದು. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ಓಡಾಡಿ ಬೆಳೆದವರ ಪಾದ ಅಗಲವೆಂದು ಬೆಲ್ಜಿಯಂನ ಸಂಶೋಧಕರು 2009ರಲ್ಲೇ ತೋರಿಸಿದ್ದರು. ಆಮೇಲೆ ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಒಂದು ಲಕ್ಷಕ್ಕೂ ಮಿಕ್ಕಿ ಜನರ ಪಾದ ಅಳೆದಾಗಲೂ, ನಮ್ಮವು ಯುರೋಪಿನವರ ಪಾದಕ್ಕಿಂತ ಅಗಲವೆಂದೇ ಕಂಡುಬಂತು. ಪರ್ವತಾರೋಹಣದ ಒಳ್ಳೆಯ ಬೂಟುಗಳೋ, ಹೆಚ್ಚಾಗಿ ಇಟಲಿಯ, ಆಸ್ಟ್ರಿಯಾದ ಅಚ್ಚಿನವು. ಮುಂಗಾಲು ಹಿಂಡುತ್ತದೆಂದು ಸೈಜು ಏರಿಸಿದರೆ ಅಗಲ ಕೂದಲೆಳೆಯಷ್ಟು ಸಿಕ್ಕೀತು. ಜೊತೆಗೆ ಬೇಡದ ಉದ್ದವೂ ಬರುತ್ತದೆ.

ಆ ಉದ್ದವೇ ಮುಂದೆ ಕಾಡುತ್ತದೆ. ಹೆಬ್ಬೆರಳ ಬುಡದ ಗಂಟು ಬೂಟಿನ ಅತಿ ಅಗಲದ ಜಾಗದಲ್ಲಿ ಕೂರಬೇಕಾದದ್ದು ಹಿಂದೆ ಸರಿಯುತ್ತದೆ. ಟ್ರೆಕ್ಕಿಂಗ್ ಶೂ ಆದರೆ ಅಟ್ಟೆ ಬಗ್ಗಿ ಸ್ವಲ್ಪವಾದರೂ ಕಾಲಿನ ಮಾತು ಕೇಳುತ್ತದೆ. ಹಿಮದಲ್ಲಿ ಜಾರದಂತೆ ಕ್ರ್ಯಾಂಪಾನ್ ಎಂಬ ಮುಳ್ಳಿನ ಚೌಕಟ್ಟು ಕಟ್ಟುವ ಬೂಟಿನ ಅಟ್ಟೆ ಬಗ್ಗುವುದೇ ಇಲ್ಲ. ಹೆಜ್ಜೆ ಎತ್ತಿದಾಗೆಲ್ಲ ಒಳಗೆ ಹಿಮ್ಮಡಿ ಏಳುತ್ತದೆ, ಉಜ್ಜುತ್ತದೆ, ಬೊಬ್ಬೆ ಬರುತ್ತದೆ. ಗಟ್ಟಿಹಿಮದ ಗೋಡೆಗೆ ಮುಂದಿನ ಮುಳ್ಳು ನೆಟ್ಟು ನಿಂತಾಗ ಈ ಸಡಿಲವೆಲ್ಲ ಮೀನಖಂಡದ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಂತೂ ತಮಾಷೆಯೇ ಬೇರೆ: ಹಿಡಿತವಿಲ್ಲದ ಪಾದ ಮುಂದಕ್ಕೆ ಜಾರಿ ಮೂತಿಗೆ ಬಡಿದು, ಬೆರಳು ಉಳಿಯಲೆಂದು ಕೊಂಡ ದೊಡ್ಡ ಬೂಟಿನಲ್ಲೇ ಉಗುರು ಕಪ್ಪಾಗುತ್ತದೆ.

ಹೀಗಿರುವಾಗ ಅಂಗಡಿಯಲ್ಲಿ ಸಪಾಟು ನೆಲದ ಮೇಲೆ ನಾಲ್ಕು ಹೆಜ್ಜೆ ಹಾಕಿ 'ಪರವಾಗಿಲ್ಲ' ಅನ್ನುವುದು ಪರೀಕ್ಷೆಯೇ ಅಲ್ಲ. ಸಂಜೆ ಹೊತ್ತು, ಬೆಟ್ಟದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಬೇಕು. ಒಳಹಾಸು ಹೊರಗೆಳೆದು ಅದರ ಮೇಲೆ ನಿಂತರೆ ಪಾದ ಅಂಚು ದಾಟಿ ಚೆಲ್ಲುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಚೆಲ್ಲಿದರೆ ಆ ಅಚ್ಚು ನಿಮ್ಮದಲ್ಲ, ಸೈಜು ಬಿಟ್ಟು ಕಂಪನಿ ಬದಲಿಸಿ. ಲೇಸು ಬಿಗಿದ ಮೇಲೆ ಮೆಟ್ಟಿಲಿಳಿಯಿರಿ, ಇಳಿಜಾರಿದ್ದರೆ ಇನ್ನೂ ಒಳ್ಳೆಯದು: ಬೆರಳು ಮುಂದೆ ತಾಗಬಾರದು, ಹಿಮ್ಮಡಿ ಕದಲಬಾರದು. ಎರಡೂ ಒಟ್ಟಿಗೆ ದಕ್ಕುವವರೆಗೆ ಹಣ ಕೊಡಬೇಡಿ. ಮಾರುವವನಿಗೆ ಬೇಸರವಾದರೆ ಆಗಲಿ.

ಹೆಸರುವಾಸಿ ಮಾದರಿಯ ವ್ಯಾಮೋಹವೂ ಇದೆ. 1953ರ ಎವರೆಸ್ಟ್ ಯಾತ್ರೆಗೆಂದೇ ಬ್ರಿಟನ್ನಿನಲ್ಲಿ ವಿಶೇಷ ಬೂಟು ತಯಾರಾಗಿತ್ತು. ಆದರೆ ತೇನ್‌ಸಿಂಗ್ ಶಿಖರದ ಮೇಲೆ ನಿಂತದ್ದು ಸ್ವಿಸ್ ಬೂಟಿನಲ್ಲಿ. ಹಿಂದಿನ ವರ್ಷ ಅವರು ಸ್ವಿಸ್ ತಂಡದ ಜೊತೆ ಅದೇ ಬೆಟ್ಟ ಹತ್ತಲು ಹೋಗಿದ್ದವರು. ಹೆಸರಿಗಿಂತ ಕಾಲಿಗೆ ಒಗ್ಗುವುದು ಮುಖ್ಯ.

ಚರ್ಮ ಬಳಸುತ್ತ ಬಳಸುತ್ತ ಅಷ್ಟಿಷ್ಟು ಸಡಿಲವಾಗುತ್ತದೆ, ಪ್ಲಾಸ್ಟಿಕ್ ಕವಚ ಆಗುವುದಿಲ್ಲ. ಪರ್ವತಾರೋಹಣ ತರಬೇತಿಗೆ ಹೋದವರಿಗೆ ಸಂಸ್ಥೆಯ ಉಗ್ರಾಣದಿಂದ ಜೋಡಿ ಪದರದ ಪ್ಲಾಸ್ಟಿಕ್ ಬೂಟು ಸಿಕ್ಕರೆ ಒಳಬೂಟು ತೆಗೆದು ಬರೀ ಕವಚದೊಳಗೆ ಕಾಲಿಟ್ಟು ನೋಡಬೇಕು. ಬೆರಳು ಮುಂದೆ ತಾಗಿಸಿದಾಗ ಹಿಮ್ಮಡಿಯ ಹಿಂದೆ ಒಂದೆರಡು ಬೆರಳಷ್ಟು ಸಂದು ಉಳಿದರೆ ಸರಿ. ಇಡೀ ಅಂಗೈ ತೂರುವಂತಿದ್ದರೆ, ಸಾಲಿನಲ್ಲಿ ಹಿಂದಿನವರು ಗೊಣಗಿದರೂ ಚಿಂತೆಯಿಲ್ಲ, ಬೇರೆ ಜೋಡಿ ಕೇಳಿ.